ಎಡತೋಳಿಗಾಗಿ ಪುಣೆಗೆ

ಪುಣೆಗೆ ಹೋಗುವವರು ಚೀಲದಲ್ಲಿ ಏನೇನೋ ಒಯ್ಯುತ್ತಾರೆ. ನಾನು ಒಂದು ತೋಳನ್ನು ಒಯ್ದಿದ್ದೆ. ಅದೂ ಪೂರ್ತಿ ತೋಳಲ್ಲ. ಮುಂಗೈಯಿಂದ ಹೊರಟು ಮೊಣಕೈ ಹತ್ತಿರ ಬಂದು ನಿಂತುಬಿಟ್ಟ ಸ್ವೆಟರಿನ ಎಡತೋಳು, ಇನ್ನೂ ಸೂಜಿಯ ಮೇಲೇ ಇತ್ತು.

ಸ್ವೆಟರ್ ನನ್ನ ಹೆಂಡತಿ ಸುಮಂಗಲಾಳದು. ಹೆಣೆಯುತ್ತಿದ್ದವನು ನಾನು. ಧಾರವಾಡದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಮಾಡುವುದು ನನ್ನ ಉದ್ಯೋಗ. ಲಾಕ್‌ಡೌನಿನ ದಿನಗಳಲ್ಲಿ ಕೈ ಸುಮ್ಮನಿರದೆ ಮನೆಯ ಬಾಗಿಲು, ಕಪಾಟುಗಳ ಸ್ಕ್ರೂಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿ ಮಾಡುತ್ತ ಕೂತಿದ್ದೆ. ಅದನ್ನು ನೋಡಲಾರದೆ ಅವಳೇ ನನ್ನ ಕೈಗೆ ಎರಡು ಸೂಜಿ ಕೊಟ್ಟಳು. ಅದಕ್ಕೆ ಮೊದಲು ನಾನು ಸಿತಾರ್ ಕಲಿತು ಬಿಟ್ಟಿದ್ದೆ, ಜರ್ಮನ್ ಕಲಿತು ಬಿಟ್ಟಿದ್ದೆ, ಪಿಎಚ್‌ಡಿಯನ್ನು ಮೂರನೆಯ ಅಧ್ಯಾಯದಲ್ಲಿ ಬಿಟ್ಟಿದ್ದೆ. ಹೆಣಿಗೆಯನ್ನು ಮಾತ್ರ ಬಿಟ್ಟಿರಲಿಲ್ಲ. ಮುಗಿಸಿಯೂ ಇರಲಿಲ್ಲ.

ಬರುವ ತಿಂಗಳು ಸುಮಂಗಲಾ ತನ್ನ ಕಾಲೇಜಿನ ಗೆಳತಿಯರ ಜೊತೆ ಸಿಮ್ಲಾಕ್ಕೆ ಹೊರಟಿದ್ದಾಳೆ. "ಅಲ್ಲೇ ಒಂದು ಸ್ವೆಟರ್ ತಗೋತೀನಿ ಬಿಡ್ರಿ, ನಿಮ್ಮದು ಆಗೂದಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹವಾಮಾನದ ವರದಿ ಹೇಳುವವರ ಧಾಟಿಯಿತ್ತು. ಅದು ನನಗೆ ಹೆಚ್ಚು ನಾಟಿತು. ಸ್ವೆಟರ್ ಮುಗಿದಂತೆಯೇ, ತೋಳೊಂದು ಜೋಡಿಸುವುದಷ್ಟೇ ಬಾಕಿ ಎಂದು ಹೇಳಿಬಿಟ್ಟೆ. ಹೇಳಿದ ಮರುದಿನವೇ ನೂಲು ಮುಗಿಯಿತು.

ಹೆಣಿಗೆ ಗೊತ್ತಿಲ್ಲದವರು ಕೇಳಬಹುದು, ಅದೇ ಬಣ್ಣದ ಇನ್ನೊಂದು ಉಂಡೆ ತಂದರಾಯಿತಲ್ಲ ಎಂದು. ಆಗುವುದಿಲ್ಲ. ಗಿರಣಿಯಲ್ಲಿ ನೂಲನ್ನು ಹಂಡೆ ಹಂಡೆಯಾಗಿ ಬಣ್ಣಕ್ಕೆ ಅದ್ದುತ್ತಾರೆ. ಒಂದು ಹಂಡೆಯ ಬಣ್ಣ ಇನ್ನೊಂದರಂತೆ ಇರುವುದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಮನೆಯೊಳಗೆ ಅದು ಕಾಣದು. ಬಿಸಿಲಿಗೆ ಬಂದರೆ, ನೆರೆ ನಿಂತು ಇಳಿದ ಗೋಡೆಯ ಮೇಲಿನ ಗುರುತಿನಂತೆ, ತೋಳಿನ ಅರ್ಧಕ್ಕೆ ಒಂದು ಗೆರೆ ಎದ್ದು ನಿಲ್ಲುತ್ತದೆ. ಅದಕ್ಕೇ ಲೇಬಲ್ಲಿನ ಮೇಲೆ ಹಂಡೆಯ ಗುರುತಿಗೆ ಒಂದು ಲಾಟ್ ನಂಬರ್ ಇರುತ್ತದೆ. ನಾನು ಲೇಬಲ್‌ಗಳನ್ನು ಪುಸ್ತಕಗಳೊಳಗೆ ಗುರುತಿಗೆಂದು ಇಟ್ಟು, ಆ ಪುಸ್ತಕಗಳನ್ನು ಯಾರು ಯಾರಿಗೋ ಕೊಟ್ಟುಬಿಟ್ಟಿದ್ದೆ.

ಉಳಿದ ದಾರಿ ಒಂದೇ. ನೂಲು ಕೊಂಡ ಅಂಗಡಿಗೇ ಹೋಗುವುದು. ನಾಲ್ಕು ವರ್ಷದ ಹಿಂದೆ ಪುಣೆಯಲ್ಲಿ ಮೂರು ದಿನದ ವಿಚಾರ ಸಂಕಿರಣವಿತ್ತು. ಸುಮಂಗಲಾಳೂ ಬಂದಿದ್ದಳು, ಅವಳ ಚಿಕ್ಕಮ್ಮನ ಮನೆಯಲ್ಲಿ ಇಳಿದಿದ್ದೆವು. ಒಂದು ಮಧ್ಯಾಹ್ನ ಸಂಕಿರಣದಿಂದ ತಪ್ಪಿಸಿಕೊಂಡು ನಾನು ಆ ಅಂಗಡಿಗೆ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಣ್ಣಿಗೆ ಕಟ್ಟಿದಂತಿದೆ ಎನ್ನುವ ಮಾತನ್ನು ನಂಬಬಾರದು ಎಂದು ಪ್ರತಿ ವರ್ಷ ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಗೆ ಹೇಳುವವನು ನಾನು. ನನ್ನದನ್ನು ಮಾತ್ರ ನಂಬಿ ಬಸ್ ಹತ್ತುವುದು ಸರಿ ಕಾಣಲಿಲ್ಲ. ಆದ್ದರಿಂದ ನೆನಪಿದ್ದ ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿದೆ. ಸುಮಂಗಲಾಳಿಗೆ, ಶನಿವಾರದ ಗೆಳೆಯರನ್ನು ಕಂಡು ಬರುತ್ತೇನೆ ಎಂದೆ. ಅದು ಸುಳ್ಳೇನಲ್ಲ.

ಸ್ವಾರಗೇಟ್

ನಿಪ್ಪಾಣಿ ದಾಟಿದರೆ ಪರದೇಶ ಎನ್ನುತ್ತಿದ್ದಳು ನಮ್ಮಜ್ಜಿ. ಅವಳ ತವರು ಸಾಂಗ್ಲಿ. ಆ ಲೆಕ್ಕದಲ್ಲಿ ನಾನು ಬೆಳಿಗ್ಗೆ ಏಳಕ್ಕೆ ಪರದೇಶದ ಬಸ್ ನಿಲ್ದಾಣದಲ್ಲಿ ಇಳಿದೆ.

ಶನಿವಾರದ ಗೆಳೆಯರು ಎಂದರೆ ವಾರಕ್ಕೊಮ್ಮೆ ಸಂಜೆ ವಿಡಿಯೋ ಕಾಲ್‌ನಲ್ಲಿ ಕೂಡಿ ಹೆಣೆಯುವ ನಾವು ಮೂವರು. ವಸುಧಾಕ್ಕನಿಗೆ ಅರವತ್ತು ದಾಟಿದೆ. ಅವರ ಅಜ್ಜ ವಿಜಾಪುರದ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆಂದು ಬಂದು ಸದಾಶಿವ ಪೇಠದಲ್ಲಿ ನಿಂತವರು. ಮನೆಯಲ್ಲಿ ಕನ್ನಡ, ಕನಸಿನಲ್ಲಿ ಮರಾಠಿ ಎಂದು ಅವರೇ ಹೇಳಿಕೊಳ್ಳುತ್ತಾರೆ. ರಮ್ಯಾ ಬೆಂಗಳೂರಿನ ಹುಡುಗಿ, ವಾಕಡದಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ಆಫೀಸಿನ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕಾಲುಚೀಲ ಹೆಣೆಯುತ್ತಾಳೆ. ಮೀಟಿಂಗ್ ಎಷ್ಟು ಉದ್ದವಾಗಿತ್ತು ಎಂದು ಕೇಳಿದರೆ, "ಹಿಮ್ಮಡಿ ತನಕ" ಎಂದು ಹೇಳುವವಳು.

ಇಬ್ಬರನ್ನೂ ಇಷ್ಟು ವರ್ಷ ಭುಜದವರೆಗೆ ಮಾತ್ರ ನೋಡಿದ್ದೆ. ನಿಲ್ದಾಣದ ಹೊರಗೆ ಎರಡು ಸ್ಕೂಟರುಗಳ ಪಕ್ಕ ಪೂರ್ತಿ ಮನುಷ್ಯರಾಗಿ ನಿಂತಿದ್ದರು.

"ಏನ್ ಮಾಸ್ತರ, ನೀವು ಇಷ್ಟ ಎತ್ತರ ಅದೀರಿ? ಸ್ಕ್ರೀನಿನ್ಯಾಗ ಭಾಳ ಸಣ್ಣವರ ಕಾಣ್ತಿದ್ರಿ" ಎಂದರು ವಸುಧಾಕ್ಕ. "ಕೂಡ್ರಿ ಹಿಂದ. ತೋಳು ತಂದೀರಿಲ್ಲೊ?"

ನಾನು ಲಕೋಟೆಯನ್ನು ರಮ್ಯಾಳ ಕೈಗೆ ಕೊಟ್ಟು, ಅದರಲ್ಲಿ ಆ ಅಂಗಡಿಯ ಬಗ್ಗೆ ನನಗೆ ನೆನಪಿರುವ ನಾಲ್ಕು ಸಂಗತಿ ಇವೆ, ಅಂಗಡಿ ಸಿಕ್ಕ ಮೇಲೆಯೇ ಒಡೆಯಬೇಕು ಎಂದೆ.

"ಸರ್, ಈಗ್ಲೇ ಹೇಳ್ಬಿಟ್ರೆ ಈಜಿಯಾಗಿ ಹುಡುಕ್ಬಹುದಲ್ವಾ?"

"ಹೇಳಿದ್ರ ನೀವು ಸಹಾಯ ಮಾಡ್ತೀರಿ. ಸಹಾಯ ಮಾಡಿದ್ರ ನೆನಪು ಕೆಡತದ."

ವಸುಧಾಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ರಮ್ಯಾಳ ಕಡೆ ತಿರುಗಿದರು. "ಇವರಿಗೆ ಉಲನ್ ಬೇಕಾಗೇದೊ, ಪರೀಕ್ಷಾ ಬೇಕಾಗೇದೊ?"

"ಎರಡೂ ಬೇಕ್ರಿ" ಎಂದೆ.

ಕೊನೆಗೆ ಒಂದೇ ಒಂದು ಸುಳಿವು ಕೊಡಲು ಒಪ್ಪಿದೆ. ಅಂಗಡಿಗೆ ಹಸಿರು ಮೆಟ್ಟಿಲುಗಳಿದ್ದವು. ವಸುಧಾಕ್ಕ ಯೋಚಿಸಿ, ಹಳೆಯ ಪುಣೆಯ ಪೇಠಗಳಲ್ಲಿ ತನಗೆ ಗೊತ್ತಿರುವ ಉಲನ್ ಅಂಗಡಿ ಯಾವುದಕ್ಕೂ ಹಸಿರು ಮೆಟ್ಟಿಲಿಲ್ಲ ಎಂದರು. ಆಮೇಲೆ ನಮ್ಮ ಸ್ಕೂಟರ್ ಎರಡು ಬಸ್ಸುಗಳ ನಡುವೆ, ನಾನು ನಡೆದುಕೊಂಡೂ ಹೋಗಲು ಹೆದರುವಷ್ಟು ಜಾಗದಲ್ಲಿ ನುಗ್ಗಿತು.

ಲಕ್ಷ್ಮಿ ರಸ್ತೆ

ಮೊದಲನೆಯದು ದೊಡ್ಡ ಅಂಗಡಿ. ನೆಲದಿಂದ ಛಾವಣಿಯವರೆಗೆ ಉಲನ್. ಧಾರವಾಡದಲ್ಲಿ ಹೊಲಿಗೆ ಸಾಮಾನಿನ ಅಂಗಡಿಯ ಒಂದು ಮೂಲೆಯಲ್ಲಿ, ಗುಂಡಿ, ಲೇಸುಗಳ ಹಿಂದೆ, ಎಂಟು ಹತ್ತು ಬಣ್ಣ ಇಟ್ಟಿರುತ್ತಾರೆ. ಇಲ್ಲಿ ನೀಲಿಯೊಂದಕ್ಕೇ ಒಂದು ಗೋಡೆ. ನನಗೆ ಎದೆ ಹೊಡೆದುಕೊಳ್ಳತೊಡಗಿತು. ಇದನ್ನು ಹೆಣೆಯುವವರು ಮಾತ್ರ ತಿಳಿದಾರು. ಒಂದು ಸ್ವೆಟರ್ ಮುಗಿಸಲಾಗದವನಿಗೆ ಅಲ್ಲಿ ನಿಂತ ಕ್ಷಣ ಹನ್ನೊಂದು ಸ್ವೆಟರು ಹೆಣೆಯುವ ಹುರುಪು ಬರುತ್ತದೆ.

"ನಾವು ಬರೇ ನೋಡಾಕ ಬಂದೇವಿ" ಎಂದು ವಸುಧಾಕ್ಕ ನಮಗೆ ಕನ್ನಡದಲ್ಲಿ ಎಚ್ಚರಿಕೆ ಕೊಟ್ಟು, ಅಂಗಡಿಯವನ ಜೊತೆ ಮರಾಠಿಗೆ ತಿರುಗಿದರು. ಐದು ನಿಮಿಷದಲ್ಲಿ ಅವರೇ ಒಂದು ಹಳದಿ ಉಂಡೆಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಚುಚ್ಚುವ ನೂಲು ಯಾವುದೆಂದು ಬೆರಳಿಗೆ ತಿಳಿಯುವುದಿಲ್ಲ, ಕೆನ್ನೆಗೆ ತಿಳಿಯುತ್ತದಂತೆ. ರಮ್ಯಾ ಆಗಲೇ ಎರಡು ಚೀಲ ಕಟ್ಟಿಸಿದ್ದಳು.

ನಾನು ತೋಳು ಹೊರತೆಗೆದೆ. ಅದರದು ಒಣಗಿದ ಅಮಸೂಲದ ಬಣ್ಣ. ಸಾರಿಗೆ ಹುಳಿಗೆಂದು ಹಾಕುವ ಆ ಕಪ್ಪುಗೆಂಪು ಸಿಪ್ಪೆಯನ್ನು ನೀರಿಗೆ ಹಾಕಿದ ಮೊದಲ ಗಳಿಗೆಯಲ್ಲಿ ಹೇಗಿರುತ್ತದೋ ಹಾಗೆ. ಅಂಗಡಿಯವನು ನೋಡಿದ, ಏಣಿ ಹತ್ತಿದ, ಒಂದು ಉಂಡೆ ತಂದು ತೋಳಿನ ಪಕ್ಕ ಇಟ್ಟ. ಎರಡೂ ಒಂದೇ. ನಾನು ಸಂಭ್ರಮದಿಂದ ಕೈ ಚಾಚುವಷ್ಟರಲ್ಲಿ ವಸುಧಾಕ್ಕ ನನ್ನ ಮಣಿಕಟ್ಟು ಹಿಡಿದರು.

"ಟ್ಯೂಬ್‌ಲೈಟಿನ್ಯಾಗ ಎಲ್ಲಾರೂ ಸಂಬಂಧಿಕರ. ಹೊರಗ ಬರ್ರಿ."

ಹೊಸ್ತಿಲ ಬಳಿ, ಬಿಸಿಲಿಗೆ ಹಿಡಿದು ನೋಡಿದೆವು. ನಮ್ಮದು ಅಮಸೂಲ. ಅಂಗಡಿಯದು ಬೀಟ್‌ರೂಟ್. ಅಕ್ಕಪಕ್ಕ ಇಟ್ಟರೆ ಅತ್ತೆ ಸೊಸೆಯರ ಹಾಗೆ ಮುಖ ತಿರುಗಿಸಿಕೊಂಡು ಕೂತವು.

ಆ ಗಡಿಬಿಡಿಯಲ್ಲಿ ತೋಳಿನ ನೂಲಿನ ತುದಿ ಕೆಳಗೆ ಜೋತುಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸ್ಕೂಟರಿನ ಯಾವುದೋ ಕೊಂಡಿಗೆ ಅದು ಸಿಕ್ಕಿಕೊಂಡಿತು, ಸ್ಕೂಟರ್ ಹೊರಟಿತು, ಸೂಜಿ ಜಾರಿತು. ನನ್ನ ಕಣ್ಣೆದುರೇ ಒಂದು ವಾರದ ಕೆಲಸ ಸರ್ ಸರ್ ಎಂದು ಬಿಚ್ಚಿಕೊಳ್ಳುತ್ತ ಲಕ್ಷ್ಮಿ ರಸ್ತೆಯುದ್ದಕ್ಕೂ ಹೊರಟಿತು. ಮೊಣಕೈ ಇಂಚಿಂಚಾಗಿ ಇಲ್ಲವಾಗುತ್ತಿತ್ತು. ತೋಳನ್ನು ಎದೆಗವುಚಿಕೊಂಡು ನಾನು ಹಿಂದೆ ಓಡಿದೆ. ಐವತ್ತರ ಗಂಡಸು ಗಾಳಿಪಟದ ಹಾಗೆ ಸ್ಕೂಟರಿಗೆ ಕಟ್ಟಿಸಿಕೊಂಡು ಓಡುವುದನ್ನು ಪುಣೆಯ ಜನ ಹೆಚ್ಚು ಅಚ್ಚರಿಯಿಲ್ಲದೆ ನೋಡಿದರು.

ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಿತು. ಓಡಿಸುತ್ತಿದ್ದವಳು ಈ ಊರಿನ ಹುಡುಗಿಯರ ಕ್ರಮದಂತೆ ಕಣ್ಣೆರಡು ಬಿಟ್ಟು ತಲೆ, ಮುಖವನ್ನೆಲ್ಲ ಓಢಣಿಯಲ್ಲಿ ಸುತ್ತಿಕೊಂಡಿದ್ದಳು. ನನ್ನ ಮಾತು ಕೇಳುವ ಮೊದಲೇ ವಿಷಯ ಗ್ರಹಿಸಿ, ಕೊಂಡಿಯಿಂದ ನೂಲು ಬಿಡಿಸಿ, ನಾಲ್ಕು ಬೆರಳಿಗೆ ಎಂಟರ ಆಕಾರದಲ್ಲಿ ಚಕಚಕನೆ ಸುತ್ತಿ, ಚಿಕ್ಕ ಉಂಡೆ ಮಾಡಿ ಕೊಟ್ಟಳು. ಹೆಣೆಯುವವಳೇ ಇರಬೇಕು. "ಧಾಗಾ ಸಾಂಭಾಳಾ ಕಾಕಾ" ಎಂದು, ದಾರ ಜೋಪಾನ ಎನ್ನುವ ಬುದ್ಧಿಮಾತು ಹೇಳಿ ಹೋದಳು. ಅವಳ ಮುಖ ನಾನು ನೋಡಲಿಲ್ಲ. ಆ ಬೆರಳುಗಳನ್ನು ಎಲ್ಲಿ ಕಂಡರೂ ಗುರುತಿಸುತ್ತೇನೆ ಎಂದು ಈಗ ಬರೆಯಬೇಕೆನಿಸುತ್ತಿದೆ. ಬೇಡ.

ಹಸಿರು ಮೆಟ್ಟಿಲು

ಎರಡನೆಯ ಅಂಗಡಿಯ ದಾರಿಯಲ್ಲಿ, ಸದಾಶಿವ ಪೇಠದ ಒಂದು ಓಣಿಯಲ್ಲಿ, ನಾನು ವಸುಧಾಕ್ಕನ ಭುಜ ತಟ್ಟಿ ಗಾಡಿ ನಿಲ್ಲಿಸಿದೆ. ಎಡಕ್ಕೆ ಹಳೆಯ ಕಟ್ಟಡ. ಕತ್ತಲೆಗೆ ಏರಿಹೋಗುವ ಕಡಿದಾದ ಮರದ ಮೆಟ್ಟಿಲು. ಹಸಿರು.

"ಇದ, ಇದ" ಎಂದೆ. "ಮ್ಯಾಲೆ ಎಡಕ್ಕ ತಿರುಗಿದ ಕೂಡ್ಲೆ ಅಂಗಡಿ."

"ಅಲ್ಲೆ ಉಲನ್ ಅಂಗಡಿ ನಾ ಹುಟ್ಟಿದಾಗಿಂದ ಇಲ್ಲ" ಎಂದರು ವಸುಧಾಕ್ಕ.

ನಾನು ಕಾಯಲಿಲ್ಲ. ತೋಳು ಹಿಡಿದು ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿ, ಎಡಕ್ಕೆ ತಿರುಗಿ, ಬಾಗಿಲು ತಳ್ಳಿದೆ. ನಲವತ್ತು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕ್ಲಾಸು. ಹಲಗೆಯ ಮುಂದಿದ್ದ ಮೇಷ್ಟ್ರು ಸೀಮೆಸುಣ್ಣ ಹಿಡಿದು ನನ್ನನ್ನೂ ನನ್ನ ಕೈಯಲ್ಲಿದ್ದ ಒಂಟಿ ತೋಳನ್ನೂ ನೋಡಿದರು. ವೃತ್ತಿಬಾಂಧವರಲ್ಲವೇ, ನಾನು ತಲೆ ಬಾಗಿಸಿ, ಬಾಗಿಲು ಮುಚ್ಚಿಕೊಂಡು ಇಳಿದೆ.

"ಎಡಕ್ಕೆ ಇತ್ತಾ ಸರ್?" ಎಂದಳು ರಮ್ಯಾ.

ನನಗೆ ನಗು ಬಂದರೂ ಒಳಗೆ ಏನೋ ಅಲುಗಾಡಿತು. ಆ ಬಾಗಿಲು ತಳ್ಳುವಾಗ ನನಗಿದ್ದ ಖಾತ್ರಿ ನೂರಕ್ಕೆ ನೂರು. ಇಲ್ಲದ ಅಂಗಡಿಯ ಬಗ್ಗೆ ಅಷ್ಟು ಖಾತ್ರಿಯಿತ್ತಾದರೆ, ಅಂಥದೊಂದು ಅಂಗಡಿ ಇತ್ತೆಂಬ ಖಾತ್ರಿಗೆ ಬೆಲೆಯೆಷ್ಟು? ಎರಡನೆಯ ಅಂಗಡಿಯಲ್ಲಿ ನಮ್ಮ ಬಣ್ಣದ ನೂಲೇ ಇರಲಿಲ್ಲ. ವಸುಧಾಕ್ಕ ಅಲ್ಲೂ ಬರೇ ನೋಡಿ ಮೂರು ಉಂಡೆ ಕೊಂಡರು.

ಒಂದರಿಂದ ನಾಲ್ಕು

ಮಧ್ಯಾಹ್ನ ಒಂದಕ್ಕೆ ಆ ಓಣಿಯ ಅಂಗಡಿಗಳ ಶಟರುಗಳು ಒಂದೊಂದಾಗಿ ಕೆಳಗಿಳಿದವು. ನಾಲ್ಕರವರೆಗೆ ಅಂಗಡಿಯವರು ಊಟ ಮಾಡಿ ಮಲಗುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆಯೇ ತೂಕಡಿಸುತ್ತಾನೆ, ಗಿರಾಕಿ ಕೆಮ್ಮಿದರೆ ಏಳುತ್ತಾನೆ. ಇಲ್ಲಿ ನಿದ್ದೆಗೂ ಬೋರ್ಡಿದೆ.

ನನಗೆ ಸಂಜೆ ಆರಕ್ಕೆ ವಾಪಸು ಬಸ್ಸು. ಉಳಿದದ್ದು ನಾಲ್ಕರಿಂದ ಆರು. ವಸುಧಾಕ್ಕನ ಮೂರನೆಯ ಮಹಡಿಯ ಮನೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮರಾಠಿ ರೀತಿಯ ಸಿಹಿ ಬೇಳೆಸಾರು ತಿನ್ನುತ್ತ ನನ್ನ ಕಾಲು ಟೇಬಲ್ಲಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಊಟವಾದ ಮೇಲೆ ಅವರು ತೋಳನ್ನು ತೊಡೆಯ ಮೇಲೆ ಹರವಿಕೊಂಡು, ವೈದ್ಯರ ಹಾಗೆ ಬೆರಳಲ್ಲಿ ಎಳೆದು, ಒತ್ತಿ ನೋಡಿದರು.

"ಕೈ ಭಾಳ ಬಿಗಿ ಅದ ನಿಮ್ಮದು. ಹಿಂಗ ಹೆಣದ್ರ ಒಂದು ಉಂಡಿ ಹೆಚ್ಚ ಬೇಕ. ಕೊಟ್ಟಾವ ಮೊದಲ ಹೇಳಬೇಕಿತ್ತು."

"ಸರ್, ಎರಡೂ ತೋಳು ತ್ರೀ-ಫೋರ್ತ್ ಮಾಡ್ಬಿಡಿ. ಈಗ ಅದೇ ಸ್ಟೈಲ್."

"ಸಿಮ್ಲಾದಾಗ?" ಎಂದೆ.

ರಮ್ಯಾ ಮೆಲ್ಲಗೆ ಕೇಳಿದಳು. "ಸರ್, ಬೇಜಾರಾಗ್ಬೇಡಿ. ಮೇಡಮ್‌ಗೆ ನಿಜ ಹೇಳ್ಬಿಟ್ರೆ ಏನಾಗತ್ತೆ?"

ಏನೂ ಆಗುವುದಿಲ್ಲ, ಅದೇ ತೊಂದರೆ ಎಂದೆ. ಅವಳು ಬೈಯುವುದಿಲ್ಲ. ಹೌದಾ ಎಂದು ಹೇಳಿ ಪೇಟೆಯ ಸ್ವೆಟರ್ ಕೊಳ್ಳುತ್ತಾಳೆ. ಸಿತಾರನ್ನು ಬಟ್ಟೆ ಸುತ್ತಿ ಅಟ್ಟಕ್ಕಿಟ್ಟವಳೂ ಅವಳೇ, ಒಂದು ಮಾತೂ ಆಡದೆ. ಈ ಸಲ ಹಾಗಾಗಬಾರದು ಎನ್ನುವುದಕ್ಕೇ ಬಸ್ ಹತ್ತಿದ್ದೆ. ಇದನ್ನು ನಾನು ಅಷ್ಟೊತ್ತಿನವರೆಗೆ ನನಗೂ ಹೇಳಿಕೊಂಡಿರಲಿಲ್ಲ.

ರಮ್ಯಾ ಎದ್ದು, ಪರ್ಸಿನಿಂದ ಲಕೋಟೆ ತೆಗೆದು, ಹರಿದುಬಿಟ್ಟಳು. ನಾನು ಬೇಡ ಎನ್ನುವುದರೊಳಗೆ ಗಟ್ಟಿಯಾಗಿ ಓದತೊಡಗಿದಳು.

"ಒಂದು: ಹಸಿರು ಮೆಟ್ಟಿಲು, ಹನ್ನೊಂದು. ಎರಡು: ನೂಲಿನ ಬುಟ್ಟಿಯಲ್ಲಿ ಮಲಗಿದ ಬೆಕ್ಕು. ಮೂರು: ಅಂಗಡಿಯವನಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ. ನಾಲ್ಕು: ಯಾರಿಗಾಗಿ ಎಂದು ಕೇಳದೆ ನೂಲು ಕೊಡುವುದಿಲ್ಲ."

ವಸುಧಾಕ್ಕ ತೋಳು ಕೆಳಗಿಟ್ಟರು. "ಅಯ್ಯ, ಅಂವಾ" ಎಂದರು.

ಅವರ ಮನೆಯಿಂದ ಎರಡು ಓಣಿ ಆಚೆಗೇ ಇದ್ದ ಅಂಗಡಿ ಅದು. ಹತ್ತು ವರ್ಷದಿಂದ ಅವರು ಅತ್ತ ಕಾಲಿಟ್ಟಿರಲಿಲ್ಲ. ಮೊಮ್ಮಗನ ಟೋಪಿಗೆ ನೂಲು ಕೇಳಿದರೆ, ಈ ನೂಲು ಕೂಸಿನ ತಲೆಗೆ ಚುಚ್ಚುತ್ತದೆ, ಕೊಡುವುದಿಲ್ಲ ಎಂದಿದ್ದನಂತೆ. ಬೇರೆ ಕಡೆ ಅದೇ ನೂಲು ಕೊಂಡು ಹೆಣೆದರು. ಚುಚ್ಚಿತು. ಕೂಸು ಅತ್ತಿತು. ಅದನ್ನು ಅವರು ಇನ್ನೂ ಕ್ಷಮಿಸಿರಲಿಲ್ಲ.

"ಆದರ ಅವನ ಮೆಟ್ಟಿಲ ಬೂದಿ ಬಣ್ಣದ್ದು" ಎಂದರು ಹಟದಿಂದ.

ಮನೀ

ಮೂರೂ ಐವತ್ತಕ್ಕೆ ಹೋಗಿ ನಿಂತೆವು. ಹಳೆಯ ವಾಡೆಯೊಂದರ ಅಂಗಳ, ಮೂಲೆಯಲ್ಲಿ ಮೆಟ್ಟಿಲು. ಹಸಿರು. "ಬಣ್ಣ ಹೊಡಸ್ಯಾನ" ಎಂದರು ವಸುಧಾಕ್ಕ. ಒಂದೆರಡು ಕಡೆ ಹಸಿರು ಕಿತ್ತು ಕೆಳಗಿನ ಬೂದಿ ಬಣ್ಣ ಕಾಣುತ್ತಿತ್ತು. ನಾನು ಎಣಿಸುತ್ತ ಹತ್ತಿದೆ. ಒಂಬತ್ತು. ಇಳಿದು ಮತ್ತೆ ಎಣಿಸಿದೆ. ಒಂಬತ್ತೇ.

ಮೇಲೆ ಗಾಜಿನ ಬಾಗಿಲು. ಒಳಗೆ ಎಪ್ಪತ್ತೈದರ ಹತ್ತಿರದ ಮನುಷ್ಯ ಪೇಪರ್ ಓದುತ್ತಿದ್ದರು. ಒಂದು ಕನ್ನಡಕ ಮೂಗಿನ ಮೇಲೆ, ಒಂದು ಹಣೆಯ ಮೇಲೆ. ರಮ್ಯಾ ನನ್ನ ತೋಳನ್ನು, ನಿಜವಾದ ತೋಳನ್ನು, ಗಟ್ಟಿಯಾಗಿ ಹಿಡಿದುಕೊಂಡಳು. ಅವರು ನಮ್ಮನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಪೇಪರಿಗೆ ಮರಳಿದರು. ಹತ್ತು ನಿಮಿಷ ಗಾಜಿನ ಆಚೆ ಈಚೆ ಇದ್ದೆವು. ನಾಲ್ಕು ಹೊಡೆದ ಮೇಲೆ ಎದ್ದು ಬಾಗಿಲು ತೆರೆದು, ವಸುಧಾಕ್ಕನನ್ನು ನೋಡಿ ಮೊದಲ ಮಾತು ಕೇಳಿದರು.

"ಟೋಪಡಂ ಝಾಲಂ ಕಾ?"

ಟೋಪಿ ಮುಗೀತಾ ಅಂತ, ಹತ್ತು ವರ್ಷದ ನಂತರ. ವಸುಧಾಕ್ಕ ಸೆರಗು ಸರಿಮಾಡಿಕೊಂಡು, ಆ ಹುಡುಗ ಈಗ ಐದನೆಯ ಇಯತ್ತೆ ಎಂದು ಮರಾಠಿಯಲ್ಲಿ ಗಂಭೀರವಾಗಿ ಉತ್ತರಿಸಿದರು. ನನ್ನ ಗುರುತು ಅಂಗಡಿಯ ಕಾಕಾಗೆ ಹತ್ತಲಿಲ್ಲ. ಗಿರಾಕಿಗಳು ಬಹಳ, ಎಂದುಕೊಂಡೆ.

ಕಿಟಕಿಯ ಕೆಳಗೆ ಬೆತ್ತದ ಬುಟ್ಟಿ. ಬುಟ್ಟಿ ತುಂಬ ಬಣ್ಣಬಣ್ಣದ ಉಂಡೆ. ಉಂಡೆಗಳ ಮೇಲೆ ಕಂದು ಬೆಕ್ಕು, ಮುಖವನ್ನು ಬಾಲದಲ್ಲಿ ಮುಚ್ಚಿಕೊಂಡು ನಿದ್ದೆಯಲ್ಲಿತ್ತು. ಹೆಸರು ಮನೀ. ನಾನು ಕುಣಿಯುವುದೊಂದು ಬಾಕಿ. "ಎಲ್ಲಾ ಬರೋಬ್ಬರಿ. ಮೆಟ್ಟಿಲ ಒಂದ ತಪ್ಪು. ನಾಲ್ಕು ವರ್ಷದ ಹಿಂದಿನ ನೆನಪು, ನೋಡ್ರಿ." ನಾನು ಕಲಿಸುವ ಮನಃಶಾಸ್ತ್ರವೇ ನನ್ನ ಪಾಲಿಗೆ ಸುಳ್ಳಾದರೂ ಚಿಂತೆಯಿಲ್ಲ ಎನ್ನುವಷ್ಟು ಉಬ್ಬಿದ್ದೆ.

ಕಾಕಾ ತೋಳನ್ನು ಕಿಟಕಿಗೆ ಒಯ್ದು, ಹಣೆಯ ಕನ್ನಡಕ ಇಳಿಸಿ ನೋಡಿದರು. ಆಮೇಲೆ ಕಪಾಟಿನಿಂದ ಉದ್ದನೆಯ ಮರದ ಪೆಟ್ಟಿಗೆ ತೆಗೆದರು. ಒಳಗೆ ಸಾಲಾಗಿ ನೂರಾರು ರಟ್ಟಿನ ಚೀಟಿಗಳು, ಪ್ರತಿಯೊಂದರ ಮೂಲೆಯಲ್ಲಿ ತೂತು, ತೂತಿನಲ್ಲಿ ಕಟ್ಟಿದ ಎರಡಿಂಚು ನೂಲು. ಯಾರಿಗೆ ನೂಲು ಕೊಟ್ಟರೂ ಅದರ ಒಂದು ತುಣುಕು ಹೀಗೆ ಉಳಿಸಿಕೊಳ್ಳುತ್ತಾರೆ. ಯಾರು, ಯಾವ ಊರು, ಯಾರಿಗಾಗಿ, ಏನು, ಎಲ್ಲ ಬರೆಯುತ್ತಾರೆ. ಕೊರತೆ ಬಿದ್ದೀತೆಂದು ಕೇಳಿದವರಿಗೆ ಒಂದು ಉಂಡೆ ಒಂದು ವರ್ಷ ತೆಗೆದಿಡುತ್ತಾರೆ. ಹೆಸರು ಕೇಳಿ ಹುಡುಕಲಿಲ್ಲ ಅವರು. ಬಣ್ಣದಿಂದ ಹುಡುಕಿದರು. ಕೆಂಪುಗಳನ್ನು ದಾಟಿ, ಕಂದುಗಳ ಹತ್ತಿರ ಬೆರಳು ನಿಂತಿತು. ಒಂದು ಚೀಟಿ ಎತ್ತಿ, ಅದರ ನೂಲನ್ನು ನನ್ನ ತೋಳಿನ ಮೇಲೆ ಇಟ್ಟರು. ನೂಲು ಎಲ್ಲಿದೆ ಎಂದೇ ಕಾಣಲಿಲ್ಲ.

ಚೀಟಿಯನ್ನು ವಸುಧಾಕ್ಕ ಓದಿದರು. ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ನನ್ನ ಮುಖ ನೋಡಿ, ಮತ್ತೆ ಕನ್ನಡದಲ್ಲಿ ಜೋರಾಗಿ ಓದಿದರು.

"ಸೌಭಾಗ್ಯವತಿ ಸುಮಂಗಲಾ. ಧಾರವಾಡ. ಸ್ವೆಟರ್, ತನಗ. ಹೆಣಿಯಾಂವಾ ಗಂಡ. ಒಂದು ಉಂಡಿ ತಗದಿಡೂದು, ಕೈ ಬಿಗಿ ಅದ."

ನಾನು ಚೀಟಿ ಇಸಿದುಕೊಂಡು ನಾನೇ ಓದಿದೆ. ಅಕ್ಷರ ನಾಗರಿ, ಅನುಮಾನಕ್ಕೆ ಎಡೆಯಿಲ್ಲ. ಕಾಕಾ ಎರಡೂ ಕನ್ನಡಕಗಳಿಂದ ನನ್ನನ್ನು ಒಮ್ಮೆ ಅಳೆದರು.

"ತೋ ನವರಾ ತುಮ್ಹೀಚ ಕಾ?"

ಆ ಗಂಡ ನಾನೇ. ಈ ಅಂಗಡಿಗೆ ಯಾವತ್ತೂ ಬಂದಿರದ ಗಂಡ. ಸಂಕಿರಣದಿಂದ ತಪ್ಪಿಸಿಕೊಂಡ ಮಧ್ಯಾಹ್ನ, ಮೆಟ್ಟಿಲು, ಬೆಕ್ಕು, ಎರಡು ಕನ್ನಡಕ, ಎಲ್ಲವೂ ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಸುಮಂಗಲಾ ನನಗೆ ಹೇಳಿದ್ದು. ಹಾಗೆಂದು ಈಗ ನನಗೆ ನೆನಪಿಲ್ಲ. ಬೇರೆ ದಾರಿಯಿಲ್ಲದ್ದರಿಂದ ಊಹಿಸುತ್ತಿದ್ದೇನೆ. ಪಟ್ಟಿ ಸರಿಯಾಗಿತ್ತು, ನೆನಪು ನಿಜವಾಗಿತ್ತು, ನನ್ನದಾಗಿರಲಿಲ್ಲ ಅಷ್ಟೆ.

"ಸರ್, ಕೂತ್ಕೊಳ್ಳಿ" ಎಂದಳು ರಮ್ಯಾ. ಕೂತೆ.

ತೆಗೆದಿಟ್ಟ ಉಂಡೆ ಎಲ್ಲಿ ಎಂದು ವಸುಧಾಕ್ಕ ಕೇಳಿದರು. ವರ್ಷ ಮುಗಿದ ಉಂಡೆಗಳು ಮನೀಯ ಪಾಲು ಎಂದು ಕಾಕಾ ಬುಟ್ಟಿ ತೋರಿಸಿದರು. ಬೆಕ್ಕಿನ ಹೊಟ್ಟೆಯ ಕೆಳಗಿನಿಂದ ಅಮಸೂಲದ ಬಣ್ಣ ಇಣುಕುತ್ತಿತ್ತು. ನಾನು ಎದ್ದು ಕೈ ಹಾಕಲು ಹೋದೆ.

"ತಿಲಾ ಉಠವಾಯಚಂ ನಾಹೀ" ಎಂದರು ಕಾಕಾ. ಅವಳನ್ನು ಎಬ್ಬಿಸಬಾರದು. ಧ್ವನಿಯಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ.

ಅಲ್ಲಿ ಕೂತು ಕಾಯುವಂಥ ಶಿಕ್ಷೆ ನನಗೆ ಯಾವ ಊರಿನಲ್ಲೂ, ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ನಾಲ್ಕೂವರೆ. ನಾಲ್ಕೂ ಮುಕ್ಕಾಲು. ಬೆಕ್ಕಿನ ಕಿವಿ ಅಲುಗಿದಾಗಲೆಲ್ಲ ಮೂವರೂ ಮುಂದಕ್ಕೆ ಬಾಗುತ್ತಿದ್ದೆವು. ನನ್ನ ಕಾಲು ಕುಣಿಯುವುದನ್ನು ಕಾಕಾ ನೋಡಿ, ಸೂಜಿ ತೋರಿಸಿ, ಕೈಯಿಂದಲೇ ಹೆಣೆಯುವ ಸನ್ನೆ ಮಾಡಿದರು. ಸ್ಕೂಟರ್ ಹುಡುಗಿ ಸುತ್ತಿಕೊಟ್ಟ ಚಿಕ್ಕ ಉಂಡೆ ನೆನಪಾಯಿತು. ಜಾರಿದ ಕುಣಿಕೆಗಳನ್ನು ಒಂದೊಂದಾಗಿ ಸೂಜಿಗೆ ಎತ್ತಿಕೊಂಡು, ಲಕ್ಷ್ಮಿ ರಸ್ತೆಯಲ್ಲಿ ಕಳೆದುಕೊಂಡ ಸಾಲುಗಳನ್ನು ಮತ್ತೆ ಹೆಣೆಯತೊಡಗಿದೆ. "ಸಡ್ಲ, ಸಡ್ಲ" ಎಂದು ವಸುಧಾಕ್ಕ ಪಕ್ಕದಿಂದ ಹೇಳುತ್ತಿದ್ದರು. ಅವರ ಕೈಯಲ್ಲಿ ಆಗಲೇ ಕಾಕಾ ಮೆಚ್ಚಿ ಕೊಟ್ಟ ಬಿಳಿ ನೂಲಿತ್ತು. ಕೆನ್ನೆಗೆ ಒತ್ತಿಕೊಳ್ಳದೆ ಕೊಂಡಿದ್ದರು. ಅದೇ ಅವರ ರಾಜಿ.

ಐದೂ ಹತ್ತಕ್ಕೆ ಮನೀ ಎದ್ದಳು. ಬೆನ್ನು ಬಿಲ್ಲಿನಂತೆ ಬಾಗಿಸಿದಳು, ನಮ್ಮತ್ತ ನೋಡದೆ ಹೊರಟುಹೋದಳು. ಉಂಡೆ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ತುಂಬ ಕಂದು ಕೂದಲು. ಉಗುರು ತಾಗಿ ಮೂರು ಕಡೆ ಕಡಿದಿತ್ತು. ಬಿಸಿಲಿಗೆ ಹಿಡಿದೆವು.

ಅಮಸೂಲ.

ಮತ್ತೆ ಸ್ವಾರಗೇಟ್

ಬಸ್ ಹೊರಡಲು ಹತ್ತು ನಿಮಿಷವಿತ್ತು. ಫೋನ್ ಮಾಡಿದೆ.

"ಸುಮಂಗಲಾ, ಪುಣಾದಾಗ ಆ ಉಲನ್ ಅಂಗಡಿಗೆ ಹೋದಾಕಿ ನೀನೇನ?"

"ಹೌದ್ರಿ."

"ಮತ್ತ ನಾಲ್ಕು ವರ್ಷ ನಾ ಮನಿಗೆ ಬಂದವರ ಮುಂದ ಅದನ್ನ ನನ್ನ ಕತಿ ಅಂತ ಹೇಳಿದಾಗ ಯಾಕ ಸುಮ್ಮನಿದ್ದಿ?"

ಅವಳು ನಗುತ್ತಿದ್ದುದು ಕೇಳಿಸಿತು. "ಮೊದಲನೇ ಸಲ ಹೇಳಿದಾಗ ತಿದ್ದಬೇಕಂತ ಬಾಯಿ ತಗದಿದ್ದೆ. ಅಷ್ಟರಾಗ ನೀವು ಹನ್ನೊಂದು ಮೆಟ್ಟಿಲ ಹತ್ತಿದೆ ಅಂದ್ರಿ. ನಾ ಎಣಿಸಿದ್ದಿಲ್ಲ. ನೀವು ಹೇಳೂದು ಭಾಳ ಛಲೋ ಇತ್ತು. ನಾ ಹೋಗಿದ್ದಕ್ಕಿಂತ ನೀವು ಹೋಗಿದ್ದ ಛಂದ ಅನಸ್ತು."

ಕಂಡಕ್ಟರ್ ಕೊಲ್ಹಾಪುರ, ಬೆಳಗಾವಿ, ಧಾರವಾಡ ಎಂದು ಕೂಗುತ್ತಿದ್ದ.

"ಹಂಗಾರ ಎಡತೋಳಿಗೆ ಉಲನ್ ಸಿಕ್ತು" ಎಂದಳು.

ಉಲನ್ ಮುಗಿದ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಆದರೆ ಅವಳಿಗೆ ಅದು ನಾಲ್ಕು ವರ್ಷದ ಹಿಂದೆಯೇ ಗೊತ್ತಿತ್ತು.

"ಸಿಕ್ಕದ" ಎಂದೆ. "ಮೂರು ಗಂಟು ಇರತಾವ. ಮತ್ತ ಸ್ವಲ್ಪ ಬೆಕ್ಕಿನ ಕೂದಲ."

"ಇರಲಿ. ಸಡ್ಲ ಹೆಣೀರಿ."

ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ರಮ್ಯಾ ಹಿಂದಿರುಗಿಸಿದ್ದ ಹರಿದ ಲಕೋಟೆಯೊಳಗಿನ ಹಾಳೆಯನ್ನು ಬಿಡಿಸಿದೆ. ಬೆಕ್ಕು, ಕನ್ನಡಕ, ಯಾರಿಗಾಗಿ ಎನ್ನುವ ಪ್ರಶ್ನೆ, ಎಲ್ಲ ಅವಳವು, ಎಲ್ಲ ಸರಿ. ಹನ್ನೊಂದು ಮಾತ್ರ ನಾನು ಸ್ವಂತವಾಗಿ ಸೇರಿಸಿದ್ದು, ಅದೊಂದೇ ತಪ್ಪು. ಅದನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದೆ. ಪಕ್ಕದಲ್ಲಿ, ಎರಡು ಸಲ ಎಣಿಸಿದ್ದೇನೆ ಎಂದೂ ಬರೆದೆ. ಆಮೇಲೆ ಹಾಳೆ ಮಡಿಚಿಟ್ಟು, ಬಸ್ ಕಾತ್ರಜ್ ಘಾಟಿನ ಕಡೆ ತಿರುಗುವಷ್ಟರಲ್ಲಿ ಮೊದಲ ಗಂಟು ಹಾಕಿ, ಬೆಳಕಿರುವವರೆಗೆ ಹೆಣೆದೆ.